ಲಾವಣ್ಯಳ ಇಂಗ್ಲಿಷ್ ಪರೀಕ್ಷೆಯಲ್ಲಿ ನನ್ನ ಬಾಯಿ

ಎರಡು ಸಾಮಾನು ಪಕ್ಕಪಕ್ಕ ಇಟ್ಟರೆ ಸಾಕು, ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವವರೆಗೂ ನನ್ನ ಬಾಯಿ ಸುಮ್ಮನಿರುವುದಿಲ್ಲ. ಸೀರೆಯಾಗಲಿ, ಸೌತೆಕಾಯಿಯಾಗಲಿ, ಎರಡೂ ಚೆನ್ನಾಗಿವೆ ಅಂತ ನಾನು ಹೇಳಿದ್ದನ್ನು ಯಾರೂ ಕೇಳಿಲ್ಲ. ಇದೊಂದು ದೋಷ ಅಂತ ಏಳನೇ ತರಗತಿಗೇ ಶಾಲೆ ಬಿಟ್ಟವಳಿಗೆ ಯಾರು ಹೇಳಿಕೊಡಬೇಕು? ಹೇಳಿಕೊಟ್ಟಿದ್ದರೆ ನನ್ನ ತಂಗಿ ಲಾವಣ್ಯ ಇಂಗ್ಲಿಷಿನಲ್ಲಿ ಫೇಲಾಗುತ್ತಿರಲಿಲ್ಲ.

ಮಾದಾಪುರದ ಹತ್ತಿರ ನಮ್ಮದೊಂದು ಪುಟ್ಟ ಹೋಂಸ್ಟೇ. ಅಡುಗೆ ನನ್ನದು, ಬಡಿಸುವಾಗಿನ ಮಾತೂ ನನ್ನದೇ. ಉಳಿದು ಹೋದ ಅತಿಥಿಗಳು ಫೋನಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಹಾಕುವ ಅಭಿಪ್ರಾಯವನ್ನು ಡಿಗ್ರಿ ಓದುವ ಲಾವಣ್ಯ ನನಗೆ ಓದಿ ಹೇಳಬೇಕು. ಅವಳ ಪರೀಕ್ಷೆಯಲ್ಲಿ ಒಂದೇ ವಿಷಯದ ಮೇಲೆ ಇಬ್ಬರು ಬರೆದದ್ದನ್ನು ಕೊಟ್ಟು ಹೋಲಿಸಿ ಅನ್ನುತ್ತಾರಂತೆ. ಅಭ್ಯಾಸಕ್ಕೆ ನಮ್ಮ ಅತಿಥಿಗಳದೇ ಎರಡು ಬರಹ ಆರಿಸಿಕೊಂಡಳು. ಒಬ್ಬರು, "ರಾತ್ರಿಯೆಲ್ಲ ಜೀರುಂಡೆಯ ಸಂಗೀತ. ಬೆಳಿಗ್ಗೆ ಅಕ್ಕಿರೊಟ್ಟಿ ಬಡಿಸುತ್ತಾ ಮನೆಯವರಂತೆ ಮಾತಾಡಿಸಿದರು" ಅಂತ ಬರೆದಿದ್ದರು. ಇನ್ನೊಬ್ಬರು, "ಜೀರುಂಡೆ ಕಾಟಕ್ಕೆ ನಿದ್ದೆಯಿಲ್ಲ. ಬೆಳಿಗ್ಗೆ ಅದು ನಿಂತಿತು, ಮನೆಯಾಕೆ ಶುರುವಾದರು" ಅಂತ.

"ಯಾರೇ ಅವನು? ಸಾಕು ಸಾಕು ಅಂತ ಮತ್ತೆ ಮತ್ತೆ ರೊಟ್ಟಿ ಹಾಕಿಸಿಕೊಂಡನಲ್ಲ, ಆ ಕನ್ನಡಕದವನಾ?"

"ಅಕ್ಕ, ಅದು ಬೇಡ. ಇಬ್ಬರೂ ಕೇಳಿದ್ದು ಅದೇ ಜೀರುಂಡೆ, ಅದೇ ನಿನ್ನ ಮಾತು. ಒಬ್ಬರಿಗೆ ಹಿತ, ಒಬ್ಬರಿಗೆ ಕಿರಿಕಿರಿ. ಅದು ಯಾವ ಪದದಿಂದ ಗೊತ್ತಾಗುತ್ತೆ, ಯಾಕೆ ಹಾಗನ್ನಿಸಿರಬಹುದು, ಅಷ್ಟೇ ಬರೀಬೇಕು."

"ಏನೂ ಬೇಡ. ಮೊದಲನೆಯವರು ಮನುಷ್ಯರು, ಎರಡನೆಯವನು ಸುಳ್ಳ ಅಂತ ಬರಿ."

ಪರೀಕ್ಷೆ ಬರುವವರೆಗೂ ಒಲೆಯ ಮುಂದೆ ಇದೇ ಪಾಠ. ಅವಳು ಒಂದು ಸಾಲು ಓದುವಷ್ಟರಲ್ಲಿ ನಾನು ತೀರ್ಪು ಕೊಟ್ಟು ಮುಗಿಸಿರುತ್ತಿದ್ದೆ.

ಪರೀಕ್ಷೆಯಲ್ಲಿ ಬಸ್ ಪ್ರಯಾಣದ ಬಗ್ಗೆ ಎರಡು ಬರಹ ಬಂದವು. ಒಬ್ಬರಿಗೆ ಜನರ ಗದ್ದಲ ಖುಷಿ, ಇನ್ನೊಬ್ಬರಿಗೆ ತಲೆನೋವು. ನನ್ನ ತಂಗಿ ಪುಟ ತುಂಬ ಬರೆದದ್ದೇನು ಗೊತ್ತೇ? ಎರಡನೆಯವರಿಗೆ ನಾಲ್ಕು ಜನರ ಜೊತೆ ಹೊಂದಿಕೊಂಡು ಬಾಳಲು ಬರುವುದಿಲ್ಲ, ಅಂಥವರು ಬಸ್ ಹತ್ತಲೇಬಾರದು! "ಬರೆಯುವಾಗ ಕಿವಿಯಲ್ಲಿ ನೀನೇ ಮಾತಾಡ್ತಿದ್ದೆ ಅಕ್ಕ" ಅಂದಳು, ಫೇಲಾದ ದಿನ ಕಣ್ಣು ಒರೆಸಿಕೊಳ್ಳುತ್ತಾ. ಇಂಗ್ಲಿಷ್ ಪಾಸಾಗದೆ ಡಿಗ್ರಿಯಿಲ್ಲ, ಡಿಗ್ರಿಯಿಲ್ಲದೆ ಅವಳು ಆಸೆಪಟ್ಟ ಟೀಚರ್ ಕೆಲಸವಿಲ್ಲ. ಆ ವಾರ ನಾನು ಬೇಯಿಸಿದ ರೊಟ್ಟಿಯೆಲ್ಲ ಸೀದವು.

ಮತ್ತೆ ಪರೀಕ್ಷೆಗೆ ಕಟ್ಟಿದಳು. ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟು ಎದುರು ಕೂತೆ. ಅದೇ ಎರಡು ಬರಹ ತೆಗೆದು, ಒಂದೊಂದೇ ಅಂಶ ಹಿಡಿದು, ಇಲ್ಲಿ ಹೀಗೆ, ಅಲ್ಲಿ ಹಾಗೆ ಅಂತ ಚೆಂದವಾಗಿ ಬಿಡಿಸಿ ಹೇಳಿದಳು. ಮೊದಲನೆಯವರು ತವರಿಗೆ ಬಂದಂತೆ ಬಂದಿದ್ದರು, ಎರಡನೆಯವರು ಪಾಪ ನಿಶ್ಶಬ್ದ ಹುಡುಕಿಕೊಂಡು ಬಂದಿದ್ದರು ಅಂದಾಗ ಆ ಕನ್ನಡಕದವನ ಮೇಲೆ ನನಗೂ ಕನಿಕರ ಹುಟ್ಟಿತು. ತಲೆದೂಗಿ ಕೇಳಿದೆ: "ಅದೆಲ್ಲ ಸರಿ ಕಣೇ. ಕೊನೆಗೂ ಸುಳ್ಳು ಹೇಳಿದ್ದು ಎರಡನೆಯವನೇ ತಾನೆ?"

ಲಾವಣ್ಯ ಪುಸ್ತಕ ಎತ್ತಿಕೊಂಡು ಅತಿಥಿಗಳ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಪರೀಕ್ಷೆ ಮುಗಿಯುವವರೆಗೂ ಊಟಕ್ಕೆ ಮಾತ್ರ ಹೊರಗೆ ಬಂದಳು.

ಮೊನ್ನೆ ಪಾಸಾದಳು. ಓದಿಸಿದ್ದು ಯಾರು ಅಂತ ಕೇಳಿದವರಿಗೆಲ್ಲ ನಾನು, "ಎದುರು ಕೂತು ನಾನೇ" ಅನ್ನುತ್ತೇನೆ. ಅವಳು, "ಆ ಕೋಣೆಯ ಚಿಲಕ" ಅನ್ನುತ್ತಾಳೆ. ಒಂದೇ ವಿಷಯ, ಎರಡು ಹೇಳಿಕೆ. ಬೇಕಾದರೆ ನೀವೂ ಹೋಲಿಸಿ ನೋಡಿ. ಸರಿ ಮಾತ್ರ ನನ್ನದೇ.