ಖಾಲಿಯಾಗಿ ಬಂದ ಡಬ್ಬಿ

ತೂಕ ಇಳಿಸುವುದು ಬಹಳ ಕಷ್ಟ ಎಂದು ಯಾರಾದರೂ ಹೇಳಿದರೆ ನನಗೆ ಆಶ್ಚರ್ಯವಾಗುತ್ತದೆ. ನಾನು ಒಂದೇ ವರ್ಷದಲ್ಲಿ ಹನ್ನೊಂದು ಕೆಜಿ ಇಳಿಸಿದವನು; ನನಗೇನೂ ಕಷ್ಟವಾಗಲಿಲ್ಲ. ಕಷ್ಟವೆಲ್ಲ ನನ್ನ ಹೆಂಡತಿ ಶೈಲಜಾಳದು. ಬೆಳಿಗ್ಗೆ ಐದೂವರೆಗೆ ಎದ್ದು, ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ ಹೆಚ್ಚಿ, ಕ್ಯಾರೆಟ್ ತುರಿದು, ನಿಂಬೆಹಣ್ಣು ಹಿಂಡಿ, ಕೋಸಂಬರಿಯ ಡಬ್ಬಿಯನ್ನು ನನ್ನ ಕೈಗಿಟ್ಟು, ಆಮೇಲೆ ಸುಬಾಂಗ್ ಜಯಾದ ತನ್ನ ಆಫೀಸಿಗೆ ಓಡುತ್ತಿದ್ದಳು. ಪೆಟಾಲಿಂಗ್ ಜಯಾದ ನನ್ನ ಆಫೀಸಿನಲ್ಲಿ ಮಧ್ಯಾಹ್ನ ಅದರ ಮುಚ್ಚಳ ತೆಗೆದು ತಿಂದದ್ದಷ್ಟೇ ನನ್ನ ಸಾಧನೆ. ಆದರೆ ಹೊಗಳಿಕೆ ಬಂದಾಗ ಮುಂದೆ ನಿಂತವನು ನಾನೇ. 'ಎಲ್ಲಾ ಮನಸ್ಸಿನ ಕಂಟ್ರೋಲ್ ಕಣ್ರೀ' ಎಂದು ಈ ಪರದೇಶದ ಕನ್ನಡದವರ ಪ್ರತಿ ಹಬ್ಬದ ಕೂಟದಲ್ಲೂ ಉಪದೇಶ ಮಾಡಿದೆ. ಹಳೆಯ ದೊಡ್ಡ ಪ್ಯಾಂಟುಗಳನ್ನೆಲ್ಲ ದಾನ ಮಾಡಿದೆ. ದಾನ ಮಾಡಿ ಪಶ್ಚಾತ್ತಾಪ ಪಟ್ಟ ಮನುಷ್ಯ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ನಾನು ಕೆಟ್ಟದ್ದಕ್ಕೆ ನಮ್ಮ ಮನೆತನದ ಸಂಪ್ರದಾಯವೇ ಕಾರಣ ಎಂದು ಬಹಳ ದಿನ ವಾದಿಸುತ್ತಿದ್ದೆ. ಮೈಸೂರಿನ ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಒಪ್ಪತ್ತು. ಅನ್ನ ಮುಟ್ಟುವಂತಿಲ್ಲ, ಫಲಾಹಾರ ಮಾತ್ರ. ಆ ಫಲಾಹಾರದಲ್ಲಿ ಹಣ್ಣು ಇದ್ದದ್ದನ್ನು ನಾನಂತೂ ಕಂಡಿಲ್ಲ. ನಮ್ಮ ತಂದೆ ಏಳು ದೋಸೆ, ಮೇಲೊಂದಿಷ್ಟು ಒಗ್ಗರಣೆ ಅವಲಕ್ಕಿ ತಿಂದು, ಕೈ ತೊಳೆದು, 'ಇವತ್ತು ಊಟ ಇಲ್ಲ' ಎಂದು ನಿಟ್ಟುಸಿರು ಬಿಟ್ಟು ಮಲಗುತ್ತಿದ್ದರು. ನಾವು ಮಕ್ಕಳೆಲ್ಲ 'ಪಾಪ' ಎಂದುಕೊಳ್ಳುತ್ತಿದ್ದೆವು. ಅನ್ನ ತಿನ್ನದಿದ್ದರೆ ಏನನ್ನೂ ತಿಂದ ಹಾಗಲ್ಲ ಎಂಬ ತಿಳಿವಳಿಕೆ ಹೀಗೆ ನನ್ನ ರಕ್ತಕ್ಕೆ ಸೇರಿತು. ನಮ್ಮ ಆಫೀಸಿನ ಕೆಳಗೆ ಒಂದು ಮಾಮಕ್, ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಚಹಾ-ತಿಂಡಿ ಅಂಗಡಿಯಿದೆ. ತೂಕ ಇಳಿದ ಸಂತೋಷಕ್ಕೆ ಒಂದು ದಿನ ಅಲ್ಲಿ ಬರೀ ಚಹಾ ಕುಡಿಯಲು ಹೋದೆ. ಕಾವಲಿಯ ಮೇಲೆ ರೊಟಿ ಚನಾಯ್ ಎಂಬ ಪರೋಟ ಪದರಪದರವಾಗಿ ಬೇಯುತ್ತಿತ್ತು. ಮೈದಾ ಇತ್ತು, ಎಣ್ಣೆ ಇತ್ತು, ಅನ್ನ ಮಾತ್ರ ಇರಲಿಲ್ಲ. ಫಲಾಹಾರವೇ ತಾನೆ ಎಂದು ಎರಡು ತಿಂದೆ. ಮರುದಿನ ಮೂರು. ವಾರಕ್ಕೆ ಐದು ದಿನ ಒಪ್ಪತ್ತು ಮಾಡುವ ಭಕ್ತ ಯಾವ ದೇವರಿಗೂ ಸಿಕ್ಕಿರಲಾರ.

ಇನ್ನು ಡಬ್ಬಿಯ ಗತಿ? ತುಂಬಿದ್ದನ್ನು ಹಾಗೇ ವಾಪಸ್ ಒಯ್ದರೆ ಶೈಲಜಾಳಿಗೆ ಬೇಜಾರಾದೀತು. ಚೆಲ್ಲಲು ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಕೂರುವ ಸೆಲ್ವಂ ಅವರಿಗೆ ಕೊಟ್ಟೆ. ಇಲ್ಲೇ ಹುಟ್ಟಿ ಬೆಳೆದ ತಮಿಳರು, ಸಕ್ಕರೆ ಕಾಯಿಲೆಯವರು, ಸಂತೋಷದಿಂದ ತಿಂದರು. ಅದೇ ರೂಢಿಯಾಯಿತು. ಸಂಜೆ ಶೈಲಜಾ ಡಬ್ಬಿ ತೆರೆದು 'ಪೂರ್ತಿ ತಿಂದ್ರಾ?' ಎಂದು ಕೇಳುತ್ತಿದ್ದಳು. 'ಒಂದು ಕಾಳೂ ಬಿಟ್ಟಿಲ್ಲ' ಎನ್ನುತ್ತಿದ್ದೆ. ಮಾತು ಸುಳ್ಳಲ್ಲ, ಸೆಲ್ವಂ ಬಿಡುತ್ತಿರಲಿಲ್ಲ.

ಆರು ತಿಂಗಳಲ್ಲಿ ಹನ್ನೊಂದು ಕೆಜಿಯೂ ವಾಪಸ್ ಬಂತು, ಬರುವಾಗ ಎರಡು ಕೆಜಿ ನೆಂಟರನ್ನೂ ಕರೆತಂದಿತು. ಯುಗಾದಿ ಕೂಟದಲ್ಲಿ ಒಬ್ಬರು ಎಲ್ಲರ ಮುಂದೆ, 'ಏನ್ ಸಾರ್, ಮನಸ್ಸಿನ ಕಂಟ್ರೋಲ್ ಎಲ್ಲಿಗೆ ಹೋಯ್ತು?' ಎಂದರು. ನಾನು ನಗುತ್ತಾ, 'ಏನ್ ಮಾಡ್ಲಿ, ನಮ್ಮನೆಯವಳ ಅಡುಗೆ ಹಾಗಿದೆ. ಕಾಯಿ, ತುಪ್ಪ ಕಂಡ್ರೆ ಅವಳಿಗೆ ಕೈ ತಡೆಯಲ್ಲ' ಎಂದುಬಿಟ್ಟೆ. ಎಲ್ಲರೂ ನಕ್ಕರು. ಬಡಿಸುತ್ತಿದ್ದ ಶೈಲಜಾಳೂ ನಕ್ಕಳು. ಮರುದಿನದಿಂದ ಪಲ್ಯಕ್ಕೆ ಕಾಯಿಲ್ಲ, ಸಾರಿಗೆ ಒಗ್ಗರಣೆಯಿಲ್ಲ. ನನಗೊಬ್ಬನಿಗೇ ಆಗಿದ್ದರೆ ಸರಿ, ತಾನೂ ಅದನ್ನೇ ಉಂಡಳು. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿಕೊಂಡು ಮೊದಲ ತುತ್ತನ್ನು ಕಣ್ಣು ಮುಚ್ಚಿ ತಿನ್ನುವುದು ಅವಳಿಗಿದ್ದ ಒಂದೇ ಚಪಲ. ಅದನ್ನೂ ಬಿಟ್ಟಳು. 'ನಿನಗ್ಯಾಕೆ ಈ ಪಥ್ಯ?' ಎಂದೆ. 'ನನ್ನ ಕೈ ತಡೆಯಲ್ವಲ್ಲ, ತುಪ್ಪ ಮನೇಲಿ ಇರೋದೇ ಬೇಡ ಬಿಡಿ' ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪು ತನ್ನದೇ ಎಂದು ನಂಬಿ ಹೇಳಿದಳು. ಆಗಲೇ ಬಾಯಿ ಬಿಡಬೇಕಿತ್ತು. ನಾನು ಬಾಯಿ ಬಿಟ್ಟದ್ದು ಮರುದಿನ ಮಧ್ಯಾಹ್ನ, ಮಾಮಕ್‌ನಲ್ಲಿ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬ್ರಿಕ್‌ಫೀಲ್ಡ್ಸ್‌ನ ದಿನಸಿ ಅಂಗಡಿಯಲ್ಲಿ ಹೆಸರುಬೇಳೆ ಕೊಳ್ಳುತ್ತಿದ್ದೆವು. ಎದುರಿಗೆ ಸೆಲ್ವಂ, ನಾನು ಒಂದು ಕಾಲದಲ್ಲಿ ಇದ್ದಷ್ಟು ತೆಳ್ಳಗೆ! ಶೈಲಜಾಳಿಗೆ ಕೈಮುಗಿದು, 'ಅಕ್ಕಾ, ಥ್ಯಾಂಕ್ಯೂ ಲಾ! ಎವೆರಿ ಡೇ ಯುವರ್ ಸಲಾಡ್, ನೈನ್ ಕಿಲೋ ಗಾನ್! ಡಾಕ್ಟರ್ ಆಲ್ಸೋ ಶಾಕ್!' ಎಂದರು. ಅವಳು ನನ್ನ ಮುಖ ನೋಡಿದಳು, ಆಮೇಲೆ ಹೊಟ್ಟೆ ನೋಡಿದಳು. ಕಪಾಟಿನಿಂದ ದೊಡ್ಡದೊಂದು ತುಪ್ಪದ ಡಬ್ಬ ತೆಗೆದು ಬುಟ್ಟಿಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅಡುಗೆಕಟ್ಟೆಯ ಮೇಲೆ ಡಬ್ಬಿ ಎಂದಿನಂತೆ ಇತ್ತು. ಬದುಕಿದೆ ಎಂದು ಕೈ ಚಾಚಿದೆ. 'ಅದು ಸೆಲ್ವಂ ಅವರಿಗೆ. ಮರೀದೆ ಕೊಡಿ' ಎಂದಳು.

'ಮತ್ತೆ ನಂಗೆ?'

'ನಿಮಗೆ ಮನಸ್ಸಿನ ಕಂಟ್ರೋಲ್ ಇದೆಯಲ್ಲ.'

ತಪ್ಪಾಯಿತು ಎಂದೆ. 'ಆಯ್ತು ಬಿಡಿ' ಎಂದಳು. ಅಷ್ಟು ಸುಲಭವಾಗಿ ಬಿಡುವ ವಿಷಯವಲ್ಲ ಅದು ಎಂದು ಇಬ್ಬರಿಗೂ ಗೊತ್ತಿತ್ತು. ಅದರ ಮಾರನೆಯ ದಿನದಿಂದ ಐದೂವರೆಗೆ ಏಳುವವನು ನಾನು. ಮೊದಲ ದಿನವೇ ಸೌತೆಕಾಯಿಯ ಜೊತೆ ಬೆರಳನ್ನೂ ಹೆಚ್ಚಿಕೊಂಡೆ, ಉಪ್ಪು ಎರಡು ಸಲ ಹಾಕಿದೆ. ಅಂತೂ ಮೂರು ಡಬ್ಬಿ ತುಂಬಿದೆ: ನನಗೊಂದು, ಸೆಲ್ವಂ ಅವರಿಗೊಂದು, ಅವಳಿಗೊಂದು. ನನ್ನದನ್ನು ಮಧ್ಯಾಹ್ನ ನೀರು ಕುಡಿಯುತ್ತಾ ಹೇಗೋ ಮುಗಿಸಿದೆ. ಸೆಲ್ವಂ ಎರಡು ಚಮಚ ತಿಂದು, 'ಟುಡೇ ಅಕ್ಕ ನಾಟ್ ವೆಲ್ ಆಹ್?' ಎಂದು ಕೇಳಿದರು.

ಸಂಜೆ ಶೈಲಜಾಳ ಡಬ್ಬಿ ತೆರೆದು ನೋಡಿದೆ. ಪೂರ್ತಿ ಖಾಲಿ! 'ಎಲ್ಲಾ ತಿಂದ್ಯಾ?' ಎಂದೆ.

'ಒಂದು ಕಾಳೂ ಬಿಟ್ಟಿಲ್ಲ' ಎಂದಳು, ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ.

ಬಿಡದೆ ತಿಂದವರು ಯಾರು ಎಂದು ಕೇಳಲು ನನಗೆ ಮುಖವಿರಲಿಲ್ಲ. ಡಬ್ಬಿ ತೊಳೆದಿಟ್ಟು, ನಾಳೆಗೆ ಹೆಸರುಬೇಳೆ ನೆನೆಹಾಕಿದೆ.