ಮುಂದೆ ಹೋಗದ ಸೈಕಲ್ಲು

ಕೆಲವರ ಮನೆಗೆ ಕರೆಯದಿದ್ದರೂ ನೆಂಟರು ಬರುತ್ತಾರೆ. ನನ್ನ ಮನೆಗೆ ಹಾಗೆ ಬರುವುದು ಫಜೀತಿಗಳು ಮಾತ್ರ. ಮಂಡಿಚಿಪ್ಪು ಒಡೆದುಕೊಂಡು ಶಿವಮೊಗ್ಗದ ಗೋಪಾಳ ಬಡಾವಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತಾಗಲಂತೂ ಅವು ಸಾಲುಗಟ್ಟಿ ಬಂದವು.

ಬಿದ್ದದ್ದು

ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಭಾನುವಾರ ಬೆಳಿಗ್ಗೆ ಮಾತ್ರ ಸೈಕಲ್ ಗುಂಪಿನವಳು. ಶಿವಮೊಗ್ಗದಿಂದ ತ್ಯಾವರೆಕೊಪ್ಪದ ಸಫಾರಿ ಗೇಟಿನವರೆಗೆ ತುಳಿದು, ಅಲ್ಲೇ ಟೀ ಕುಡಿದು, ಊರ ಸುದ್ದಿಯನ್ನೆಲ್ಲ ಜಾಲಾಡಿ ವಾಪಸ್ ಬರುವುದು ನಮ್ಮ ಪದ್ಧತಿ. ನಾನು ಇನ್ನೊಬ್ಬರ ಜೊತೆ ನಗುವ ಜಾಗ ಅದೊಂದೇ.

ನಾನು ಬಿದ್ದ ಸುದ್ದಿ ತಿಳಿದು ಗುಂಪಿನವರೆಲ್ಲ ಆಸ್ಪತ್ರೆಗೆ ಬಂದರು. ಅವರಲ್ಲಿ ಹಿರಿಯರಾದ ರಿಟೈರ್ಡ್ ಎಂಜಿನಿಯರು ಮಂಚದ ಪಕ್ಕ ಕೂತು ವಿಚಾರಣೆ ಶುರು ಮಾಡಿದರು.

"ಇಳಿಜಾರಲ್ಲಿ ಬ್ರೇಕ್ ಹಿಡಿದ್ರಾ? ಟೈರ್ ಸ್ಲಿಪ್ ಆಯ್ತಾ? ಹೆಲ್ಮೆಟ್ ಹಾಕಿದ್ರಾ?"

"ಇಲ್ಲ ಸಾರ್, ಸಿಟಿ ಬಸ್ ಇಳಿಯುವಾಗ ಬಿದ್ದೆ."

ಅವರ ಮುಖ ಸಪ್ಪಗಾಯಿತು. ನನ್ನ ಮಂಡಿಯನ್ನು ನೋಡಿ, "ಆದ್ರೂ ಹೆಲ್ಮೆಟ್ ಇರಬೇಕಿತ್ತು ಮೇಡಂ" ಎಂದರು.

ಆಯನೂರು ದಾಟಿದ್ದು

ಹಾಗೆ ಬಂದವರು ಮತ್ತೆ ಬರಲಿಲ್ಲ. ಪ್ರತಿ ಭಾನುವಾರ ವಾಟ್ಸಾಪಿನಲ್ಲಿ ಟೀ ಲೋಟ ಹಿಡಿದ ಫೋಟೊ ಬರುತ್ತಿತ್ತು. ನಾನು ನಿಲ್ಲುತ್ತಿದ್ದ ಜಾಗದಲ್ಲಿ ಯಾರೋ ಹೊಸಬರು ನಿಂತಿದ್ದರು. ಹೊಟ್ಟೆ ಉರಿಯಿತು. ಮಂಡಿ ಕೂಡಿಕೊಳ್ಳುವಷ್ಟರಲ್ಲಿ ಇವರು ನನ್ನನ್ನು ಮರೆತೇಬಿಡುತ್ತಾರೆ ಎಂದು ಹೆದರಿಕೆಯೂ ಆಯಿತು. ಫಿಸಿಯೊಥೆರಪಿಯವರು, "ರೋಡಿಗೆ ಈಗಲೇ ಬೇಡ, ಮನೆಯೊಳಗೇ ನಿಧಾನ ತುಳೀರಿ" ಎಂದದ್ದೇ ತಡ, ಕೋಲೂರಿಕೊಂಡು ಸೈಕಲ್ ಅಂಗಡಿಗೆ ಹೊರಟೆ.

ಅಂಗಡಿಯವರು ನಮ್ಮದೇ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಕೂಡಿಸಿ, ನಿಂತಲ್ಲೇ ತುಳಿಯುವ ಟ್ರೇನರ್ ತೋರಿಸಿದರು. "ಒಂಚೂರೂ ಸೌಂಡಿಲ್ಲ ಮೇಡಂ. ಪಕ್ಕದ ರೂಮಲ್ಲಿ ಮಲಗಿದ್ದೋರಿಗೂ ಗೊತ್ತಾಗಲ್ಲ." ನನ್ನ ಪಕ್ಕದ ರೂಮಿನಲ್ಲಿ ಅಕ್ಕಿ ಡಬ್ಬ ಬಿಟ್ಟರೆ ಬೇರೆ ಯಾರೂ ಇಲ್ಲ.

ಅಲ್ಲಿ ಜೋಡಿಸಿಟ್ಟಿದ್ದ ಸೈಕಲ್ ಹತ್ತಿ ಮೆಲ್ಲಗೆ ತುಳಿಯತೊಡಗಿದೆ. ಅವರು ತಮ್ಮ ಸೊಂಟನೋವು, ತಂಗಿಯ ಮದುವೆ, ಬಸ್‌ಸ್ಟ್ಯಾಂಡಿನ ಟ್ರಾಫಿಕ್ಕು ಎಲ್ಲ ಹೇಳಿದರು. ನಾನೂ ಹೇಳಿದೆ. ಎಷ್ಟೋ ದಿನದ ಮೇಲೆ ಒಬ್ಬ ಮನುಷ್ಯ ಎದುರಿಗೆ ನಿಂತು ನನ್ನ ಜೊತೆ ಮಾತಾಡುತ್ತಿದ್ದ. ಇಳಿಯುವ ಮನಸ್ಸೇ ಆಗಲಿಲ್ಲ. ಕೊನೆಗೆ ಅವರು ಶಟರ್ ಅರ್ಧ ಎಳೆದು ಕೈಮುಗಿದರು.

"ಮೇಡಂ, ಇಷ್ಟೊತ್ತಿಗೆ ತ್ಯಾವರೆಕೊಪ್ಪ ಬಿಟ್ಟು ಆಯನೂರೂ ದಾಟಿರ್ತೀರಿ. ಇಳೀರಿ, ನಾನು ಊಟಕ್ಕೆ ಹೋಗಬೇಕು."

ಗಿರಣಿ

ಅದನ್ನು ಕೊಳ್ಳಲಿಲ್ಲ; ಬಗ್ಗಿ ಚಕ್ರ ಬಿಚ್ಚುವುದು ನನ್ನ ಮಂಡಿಗೆ ಆಗದ ಮಾತು. ಚಕ್ರ ಬಿಚ್ಚದೆ, ಹಾಗೇ ಸ್ಟ್ಯಾಂಡಿಗೆ ಸಿಕ್ಕಿಸಿ ಹಿಂದಿನ ಟೈರನ್ನು ಮಾತ್ರ ಒಂದು ರೋಲರಿಗೆ ಒತ್ತಿಸುವ ಹಳೇ ಥರದ್ದೂ ಇದೆ. ಅಂಥದ್ದೊಂದು ಭದ್ರಾವತಿಯಲ್ಲಿ ಮಾರಾಟಕ್ಕಿದೆ ಎಂದು ನಮ್ಮ ಶಾಲೆಯ ಅಟೆಂಡರ್ ಫೋನ್ ಮಾಡಿದರು. ಆಟೋ ಮಾಡಿಕೊಂಡು ಹೋದೆ.

ಮಾರುವವರು ಕಾರ್ಖಾನೆಯಿಂದ ರಿಟೈರಾದ ತಮಿಳು ಯಜಮಾನರು. ತಮ್ಮ ಸೈಕಲ್ ಸಿಕ್ಕಿಸಿ ತುಳಿದು ತೋರಿಸಿದರು. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳೆಲ್ಲ ಅದುರಿದವು.

"ಯಾಕೆ ಮಾರ್ತಿದ್ದೀರಿ?" ಎಂದು ಕಿರುಚಿ ಕೇಳಿದೆ.

ಅವರ ಹೆಂಡತಿ ಒಳಗಿನಿಂದ ಬಂದರು. "ಏನು ಹೇಳೋದು ಟೀಚರಮ್ಮ! ಈ ಸೌಂಡಿಗೆ, ನಾವು ಮನೇಲಿ ಗಿರಣಿ ಹಾಕಿದ್ದೀವಿ ಅಂತ ಹಿಂದಿನ ಬೀದಿಯೋರು ರಾಗಿ ಡಬ್ಬ ತಗೊಂಡು ಬಂದು ಕೂತ್ಕೊಂಡ್ರು. ಬಂದೋರಿಗೆಲ್ಲ ಕಾಫಿ ಮಾಡಿ ಮಾಡಿ ನಂಗೆ ಸಾಕಾಯ್ತು."

ಯಜಮಾನರು ಪೆಚ್ಚಾದರು. "ಎಣ್ಣೆ ಬಿಟ್ರೆ ಸ್ವಲ್ಪ ಕಮ್ಮಿ ಆಗುತ್ತೆ ಮಾ."

"ಎಣ್ಣೆ ಬೇಡ ಸಾರ್. ಹೀಗೇ ಕೊಡಿ."

ನಿಶ್ಶಬ್ದವಂತೂ ನನ್ನ ಮನೆಯಲ್ಲಿ ಆಗಲೇ ಬೇಕಾದಷ್ಟಿತ್ತು.

ನಿಂಬೆಹಣ್ಣು

ಆಟೋದವರೇ ಅದನ್ನು ಹಾಲಿನಲ್ಲಿಟ್ಟು ನನ್ನ ಸೈಕಲ್ ಸಿಕ್ಕಿಸಿ ಕೊಟ್ಟರು. ಮಾರನೆಯ ಬೆಳಿಗ್ಗೆ ತುಳಿಯಲು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಹೆಂಗಸು. ಇಷ್ಟು ವರ್ಷ ಗೇಟಿನ ಹತ್ತಿರ ತಲೆಯಾಡಿಸಿದ್ದು ಬಿಟ್ಟರೆ ನಾವು ಮಾತಾಡಿದವರಲ್ಲ.

"ಏನು ಟೀಚರ್, ಏನಾದ್ರೂ ಸಿಡೀತಾ ಇದೆಯಾ?" ಎನ್ನುತ್ತ ಒಳಗೆ ಬಂದು ನೋಡಿದರು. "ಓ, ಹೊಸ ಗಾಡಿ! ಪೂಜೆ ಮಾಡ್ಸಿದ್ರಾ?"

"ಇಲ್ಲ."

"ಕಾಲು ಮುರ್ಕೊಂಡ ಮೇಲೂ ಬುದ್ಧಿ ಬಂದಿಲ್ವಲ್ಲ ನಿಮಗೆ!"

ಓಡಿಹೋಗಿ ತಟ್ಟೆ ಹಿಡಿದುಕೊಂಡು ಬಂದರು. ಹ್ಯಾಂಡಲಿಗೆ ಕುಂಕುಮ ಹಚ್ಚಿ, ಸೇವಂತಿಗೆ ಸಿಕ್ಕಿಸಿ, ಎರಡೂ ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು, ಕರ್ಪೂರ ಬೆಳಗಿದರು.

"ಹೂಂ, ಈಗ ಹಣ್ಣಿನ ಮೇಲೆ ಹತ್ತಿಸಿ."

ತುಳಿದೆ. ಮನೆ ನಡುಗಿತು. ನಿಂಬೆಹಣ್ಣು ಅಲ್ಲೇ ಇತ್ತು.

"ಮುಂದೆ ಬಿಡಿ ಟೀಚರ್!"

"ಇದು ಮುಂದೆ ಹೋಗಲ್ಲ."

"ಹೋಗದೇ ಇರೋದನ್ನ ಯಾಕೆ ತಗೊಂಡ್ರಿ?"

ಹಣ್ಣು ಒಡೆಯದಿದ್ದರೆ ಗಾಡಿಗೆ ಒಳ್ಳೆಯದಲ್ಲ ಎಂದು ಅವರು ಸೈಕಲ್ಲಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಹಿಂದಿನ ಚಕ್ರದ ಹಣ್ಣನ್ನೆತ್ತಿ ಟೈರಿಗೂ ರೋಲರಿಗೂ ನಡುವೆ ಸಿಕ್ಕಿಸಿ, ಕೈ ತೆಗೆದು, ಬಗ್ಗಿ ನೋಡುತ್ತ, "ಹೊಡೀರಿ!" ಎಂದರು.

ಹೊಡೆದೆ. ಹಣ್ಣು ಚಟ್ಟೆಂದು ಒಡೆಯಿತು. ರಸ ಅವರ ಎರಡೂ ಕಣ್ಣಿಗೆ, ಬೀಜ ನನ್ನ ಬೆನ್ನಿಗೆ, ಸಿಪ್ಪೆ ಫ್ಯಾನಿಗೆ. ಕುಂಟುತ್ತ ಹೋಗಿ ನೀರು ತಂದೆ. ಇಷ್ಟು ದಿನಕ್ಕೆ ಮನೆಗೆ ಬಂದ ಒಬ್ಬರನ್ನೂ ಹೀಗೆ ಓಡಿಸಿದೆನಲ್ಲ ಎಂದು ಅಳುವೇ ಬಂತು. ನೋಡಿದರೆ ಅವರು ನೆಲದ ಮೇಲೆ ಕೂತು, ಕಣ್ಣು ಮುಚ್ಚಿಕೊಂಡೇ ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಆ ಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದವರು ಮುಂದಿನ ಚಕ್ರದ ಕೆಳಗಿದ್ದ ಹಣ್ಣನ್ನು ತೋರಿಸಿದರು. "ಅದೊಂದು ಬಾಕಿ ಇದೆ ಮಾರಾಯ್ತಿ. ಅದು ಒಡೆಯೋವರೆಗೂ ದಿನಾ ಬರ್ತೀನಿ, ಬಿಡಲ್ಲ."

ಮುಂದಿನ ಚಕ್ರ ತಿರುಗುವುದೇ ಇಲ್ಲ ಎಂದು ನಾನು ಹೇಳಲಿಲ್ಲ.