ಮರಣ ಪ್ರಮಾಣ ಸೊನ್ನೆ

ಬಾಗಿಲು ಸ್ವಲ್ಪ ಮುಂದಕ್ಕೆ ಮಾಡಿ ಕೂತ್ಕೊಳ್ಳಿ. ನಾನು ಹೇಳಿದೆ ಅಂತ ಯಾರ ಬಾಯಲ್ಲೂ ಬರಕೂಡದು, ಮಕ್ಕಳಾಣೆ. ವಿಷಯ ಇಷ್ಟೇ: ಈ ಪರದೇಶದಲ್ಲಿ, ನಮ್ಮ ವಾಲ್ನಟ್ ಕ್ರೀಕ್ ಊರಿನಲ್ಲಿ ವಯಸ್ಸಾದ ಕನ್ನಡದವರು ಸಾಯುವುದು ನಿಂತುಹೋಗಿದೆ.

ನಿಲ್ಲಿಸಿದವನು ಪಕ್ಕದ ಅಪಾರ್ಟ್‌ಮೆಂಟಿನ ನಿರುಪಮಳ ಗಂಡ ಅನಂತಪದ್ಮನಾಭ. ಇದ್ದ ಕೆಲಸ ಬಿಟ್ಟು ಹತ್ತಿರದ ಎಮರಿವಿಲ್‌ನಲ್ಲಿ ಡಾಟ್‌ಕಾಮ್ ಕಂಪನಿ ತೆಗೆದ. ಮುದುಕರು ಫೋನು ಮಾಡಿದರೆ ಡಾಕ್ಟರು ಮಾತಾಡುತ್ತಾರಂತೆ. ಮಕ್ಕಳೆಲ್ಲ ಅಪ್ಪ ಅಮ್ಮನ ಹೆಸರು ಬರೆಸಿದರು. ನನ್ನ ಮಗಳು ನನ್ನದನ್ನೂ. ಕಂಪ್ಯೂಟರು ತೆಗೆದರೆ ಮೊದಲು ಕಾಣುವುದೇ ದಪ್ಪಕ್ಷರದಲ್ಲಿ: ‘ನಮ್ಮ ಸದಸ್ಯರ ಮರಣ ಪ್ರಮಾಣ ಸೊನ್ನೆ.’ ಆ ಸೊನ್ನೆ ನೋಡಿಯೇ ಸೂಟಿನ ಬಂಡವಾಳದವರು ದುಡ್ಡು ಸುರಿದರು.

ಇದು ಅವನ ತಲೆಯಲ್ಲಿ ಹುಟ್ಟಿದ ವಿದ್ಯೆಯಲ್ಲ, ವಂಶದ್ದು. ಪ್ಲೇಗಿನ ಕಾಲದಲ್ಲಿ ಅವನ ಮುತ್ತಜ್ಜ ಅಲ್ಲಿ ದೇಶದಲ್ಲಿ ನಮ್ಮೂರ ಮುನಿಸಿಪಾಲಿಟಿಯ ಹೆಲ್ತ್ ಇನ್ಸ್‌ಪೆಕ್ಟರು. ಪೇಟೆಯಲ್ಲಿ ಇಲಿಗಳ ಜೊತೆ ಜನವೂ ಉದುರುತ್ತಿದ್ದರು. ಆ ಮಹಾನುಭಾವ ಔಷಧಿಯ ಗೋಜಿಗೆ ಹೋಗಲಿಲ್ಲ. ಕಂಕುಳಲ್ಲಿ ಪ್ಲೇಗಿನ ಗೆಡ್ಡೆ ಕಂಡವರನ್ನೆಲ್ಲ ಎತ್ತಿನಗಾಡಿಗೆ ಹಾಕಿಸಿ ಊರ ಗಡಿಯ ಸುಂಕದಕಟ್ಟೆ ದಾಟಿಸಿಬಿಡುತ್ತಿದ್ದ. ಆಚೆ ಸತ್ತರೆ ಆಚೆಯ ಲೆಕ್ಕ. ಪೇಟೆಯ ಆರೋಗ್ಯ ಸುಧಾರಿಸಿತೆಂದು ಸರ್ಕಾರ ಶಾಲು ಹೊದಿಸಿತು. ನಮ್ಮಜ್ಜಿಯ ಅಕ್ಕ ಆ ಗಾಡಿ ಹತ್ತಿದವಳು. ಶಾಲು ಈಗ ಎಮರಿವಿಲ್ ಆಫೀಸಿನ ಗೋಡೆ ಮೇಲಿದೆ, ಗಾಜು ಹಾಕಿಸಿ.

ಹೋದ ತಿಂಗಳು ಮೇಲಿನ ಮನೆಯ ಬಸವಂತಪ್ಪನವರಿಗೆ ಉಬ್ಬಸ ಜೋರಾಯಿತು. ಹೆಂಡತಿ ಅಂಬವ್ವ ಕಂಪನಿಗೆ ಫೋನು ಮಾಡಿದಳು. ನಾನು ಅಲ್ಲೇ ಇದ್ದೆ, ಸ್ಪೀಕರಿನಲ್ಲಿ ಆಚೆಯ ಹುಡುಗಿಯ ಮಾತೂ ಕೇಳಿಸುತ್ತಿತ್ತು.

“ತಂಗೀ, ನಮ್ಮ ಮನಿಯವ್ರಿಗೆ ದಮ್ಮ ಹತ್ತೈತಿ. ಲಗೂನ ಡಾಕ್ಟರಗ ಕೊಡು.”

“ಸಾರಿ ಅಮ್ಮಾ, ಅವರ ಮೆಂಬರ್‌ಶಿಪ್ಪು ಮುಗಿದಿದೆ.”

“ಯಾವಾಗ ಮುಗೀತು?”

“ಈಗ, ನೀವು ದಮ್ಮು ಅಂದ್ರಲ್ಲಾ, ಆವಾಗ.”

ನಿಯಮವೇ ಹಾಗಿದೆಯಂತೆ: ‘ಸಾಯುವ ಲಕ್ಷಣ ತೋರಿದ ಸದಸ್ಯರು ಸ್ವಇಚ್ಛೆಯಿಂದ ರಾಜೀನಾಮೆ ನೀಡಿದ್ದಾರೆಂದು ಭಾವಿಸತಕ್ಕದ್ದು.’ ಆದರೂ ಮರ್ಯಾದಸ್ಥರು, ಕಾರು ಕಳಿಸಿದರು. ಆಸ್ಪತ್ರೆಗೆ ಅಂದುಕೊಂಡು ಅಂಬವ್ವ ಗಂಡನನ್ನು ಹತ್ತಿಸಿದಳು. ಕಾರು ಫ್ರೀವೇ ಹಿಡಿದು ಪಕ್ಕದೂರು ಡ್ಯಾನ್‌ವಿಲ್‌ನಲ್ಲಿ ಅವರ ಮಗಳ ಮನೆ ಮುಂದೆ ಅವರನ್ನು ಇಳಿಸಿ ವಾಪಸು ಬಂತು. ಮಗಳು ಆಂಬುಲೆನ್ಸು ಕರೆಸುವಷ್ಟರಲ್ಲಿ ಬಸವಂತಪ್ಪನವರು ಲಿಂಗೈಕ್ಯರಾಗಿದ್ದರು. ಡ್ಯಾನ್‌ವಿಲ್ ಊರು ಕಂಪನಿಯ ವ್ಯಾಪ್ತಿಗೆ ಬರುವುದಿಲ್ಲ.

ಇಲ್ಲೇ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಅವರ ಶಿವಗಣಾರಾಧನೆ ಮಾಡಿದರು. ಕಂಪನಿಯಿಂದ ದೊಡ್ಡ ಹೂಗುಚ್ಛ ಬಂತು. ಮೇಲೆ ಚೀಟಿ: ‘ಗುಣಮುಖರಾಗಿ ನಮ್ಮ ಸೇವೆಯಿಂದ ನಿರ್ಗಮಿಸಿದ್ದಕ್ಕೆ ಅಭಿನಂದನೆಗಳು.’ ಯಾರಿಗೂ ಏನೂ ಅನಿಸಲಿಲ್ಲ. ಅಂಬವ್ವನೇ ಹೂವನ್ನು ಫೋಟೋ ಮುಂದೆ ಇಟ್ಟು, “ಏನಾರ ಆಗವಲ್ದ್ಯಾಕ, ಅವರ ಕಂಪ್ಯೂಟರದಾಗ ಇವರು ಆರಾಮ ಅದಾರ,” ಎಂದು ಕಣ್ಣೊರೆಸಿಕೊಂಡಳು. ಬಂದವರೂ ಹೌದೌದೆಂದರು.

ನನಗೆ ತಡೆಯಲಾಗಲಿಲ್ಲ. ಊಟದ ಸಾಲಿನಲ್ಲೇ ಅನಂತಪದ್ಮನಾಭನ ಹೆಂಡತಿಯನ್ನು ಕೇಳಿಬಿಟ್ಟೆ: “ಏನೇ ನಿರುಪಮಾ, ಸತ್ತವರಿಗೆ ಗುಣವಾಯ್ತು ಅಂತ ಹೂ ಕಳಿಸ್ತೀರಲ್ಲ, ಹೊಟ್ಟೆಗೆ ಏನು ತಿಂತೀರಿ ನೀವು?”

ಅಷ್ಟರಲ್ಲಿ ಸಾರಿನ ಮೆಣಸು ನೆತ್ತಿಗೆ ಹತ್ತಿ ನನಗೆ ಕೆಮ್ಮು ಬಂತು. ಸಾಲಿನವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ನಿರುಪಮಾ ಮಾತ್ರ ಹತ್ತಿರ ಬಂದು, ಬೆನ್ನು ನೀವುತ್ತಾ, ಎಷ್ಟು ಪ್ರೀತಿಯಿಂದ ಕೇಳಿದಳು ಗೊತ್ತಾ:

“ಆಂಟಿ, ಡ್ಯಾನ್‌ವಿಲ್‌ನಲ್ಲಿ ನಿಮಗೆ ಬೇಕಾದವರು ಯಾರಾದ್ರೂ ಇದ್ದಾರಾ?”